ಕೆಲ್ಡೇಲ್ ದೊರೆಸಾನಿಯ ಎದೆಹಾಲು

"ಮೊದಲನೆಯದು ಹೆಣ್ಣು, ಮ್ಯಾಲಿ. ಹುಟ್ಟಿದ ತಕ್ಷಣ ಒಂದ್ಸಲ ತೋರಿಸಿದ್ರು. ಇಷ್ಟೇ ಇಷ್ಟು ಮುಖ, ಕೆಂಪಗೆ. ಎತ್ಕೊಳ್ಳೋಣ ಅಂತ ಕೈ ಚಾಚಿದೆ. ನಮ್ಮತ್ತೆ 'ಬೇಡ, ಸುಸ್ತಾಗಿದೀಯ, ಮಲಕ್ಕೋ' ಅಂದ್ರು. ಅಷ್ಟೇ. ಆಗ ನಂಗೆ ಹದಿನೆಂಟು. ಮದುವೆಗೆ ಮುಂಚೆ ದೊರೆಗಳನ್ನ ನಾನು ನೋಡಿದ್ದೇ ಎರಡು ಸಲ. ಅದರಲ್ಲಿ ಒಂದ್ಸಲ ಅವರು ಕುದುರೆ ಮೇಲಿದ್ರು, ಮುಖಾನೇ ಸರಿಯಾಗಿ ಕಾಣಿಸ್ಲಿಲ್ಲ. ನಮ್ಮಪ್ಪನ ಕಾಡಿಗೂ ಇವರ ಕಾಡಿಗೂ ಮಧ್ಯೆ ಒಂದು ಹಳ್ಳ ಇತ್ತು. ಆ ಹಳ್ಳ ಯಾರದು ಅಂತ ನಮ್ಮ ತಾತನ ಕಾಲದಿಂದ ಜಗಳ. ನನ್ನನ್ನ ಕೊಟ್ರು, ಜಗಳ ಮುಗೀತು. ಆ ಮಗೂನ ದಾದಿ ಮನೆಗೆ ಕಳಿಸಿದ್ರು. ಪೆಟ್ಟಿಗೇಲಿ ವಾಪಸ್ ಬಂತು. ಎರಡನೆಯದು ಗಂಡು. ಗಂಟೆ ಬಾರಿಸಿದ್ರು, ಗುಡ್ಡದ ಮೇಲೆ ಬೆಂಕಿ ಹಾಕಿದ್ರು, ಇಡೀ ಎತ್ತನ್ನ ಸುಟ್ಟು ಊರಿಗೆಲ್ಲ ಊಟ ಹಾಕಿದ್ರು. ನೀನೂ ತಿಂದಿರ್ತೀಯ. ನಾನು ಮೇಲೆ ಕತ್ತಲೆ ಕೋಣೇಲಿ ಮಲಗಿದ್ದೆ, ಮಾಂಸ ಸುಡೋ ವಾಸನೆ ಬರ್ತಿತ್ತು. ಕ್ರಿಸ್ಮಸ್‌ಗೆ ಮುಂಚೆ ಅದೂ ಹೋಯ್ತು. ಮೂರನೆಯದರ ಕಣ್ಣು ಯಾವ ಬಣ್ಣ ಅಂತ ನಂಗೆ ಗೊತ್ತಿಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ನಾಚಿಕೆ. ತಾಯಿಗೆ ಗೊತ್ತಿರಬೇಕಲ್ವಾ ಅದು? ಪ್ರತಿಸಲಾನೂ ಎದೆಗೆ ಬಟ್ಟೆ ಬಿಗಿದು ಕಟ್ತಾರೆ. ಹಾಲು ಕಲ್ಲು ಕಟ್ಟಿ, ಜ್ವರ ಬಂದು, ಆಮೇಲೆ ಬತ್ತಿ ಹೋಗತ್ತೆ. ದೊರೆಗಳ ಬೇಟೆನಾಯಿ ಮರಿ ಹಾಕಿದ್ರೆ ಅದರ ಹತ್ರ ಯಾರೂ ಹೋಗಬಾರದು ಅಂತ ಕಾವಲು ಹಾಕ್ತಾರೆ, ಮರಿಗಳು ಚೆನ್ನಾಗಿ ಕುಡೀಲಿ ಅಂತ. ನಾಲ್ಕನೆಯದು ಇದು, ನಿನ್ನ ತೊಡೆ ಮೇಲಿರೋದು. ಒಂದೇ ಒಂದು ಸಲ ಕೊಡು ಮ್ಯಾಲಿ. ನಾನೇ ಎದೆಗೆ ಹಾಕ್ಕೋತೀನಿ. ಯಾರಿಗೂ ಗೊತ್ತಾಗಲ್ಲ."

ಕೆಲ್ಡೇಲ್ ಕಣಿವೆಯ ದೊರೆಸಾನಿ ಥಿಯೊಡೋಸಿಯಾ ಈ ಮಾತೆಲ್ಲ ಆಡಿದ್ದು ಮ್ಯಾಲಿ ಥ್ವೇಟ್ ಎಂಬ ದಾದಿಯ ಅಡುಗೆಮನೆಯಲ್ಲಿ, ಹಾಲು ಕರೆಯುವ ಮುಕ್ಕಾಲಿಯ ಮೇಲೆ ಕೂತು. ಲಂಡನ್ನಿನಲ್ಲಿ ಮುದಿ ರಾಜ ಸತ್ತು ಮೊಮ್ಮಗ ಪಟ್ಟಕ್ಕೆ ಬಂದ ಮರುವರ್ಷ ಅದು. ಯಾರ್ಕ್‌ಷೈರ್‌ನ ಆ ಮೂಲೆಗೆ ರಾಜ ಯಾರಾದರೂ ಒಂದೇ. ಅಲ್ಲಿನ ಹೊಲ, ಗುಡ್ಡ, ಕುರಿ ಮೇಯುವ ಬಯಲು, ನೆಲದೊಳಗಿನ ಸೀಸದ ಗಣಿ, ಕಡೆಗೆ ಮ್ಯಾಲಿಯ ಮನೆಯ ಚಾವಣಿಯ ಕಲ್ಲು ಕೂಡ ಕೆಲ್ಡೇಲ್ ದೊರೆಯದೇ. ಮ್ಯಾಲಿಯ ಗಂಡ ಕಿಟ್ ಆ ಗಣಿಯಲ್ಲೇ ಅದಿರು ಒಡೆಯುತ್ತಿದ್ದ.

ದೊರೆಸಾನಿಯ ರೇಷ್ಮೆ ಲಂಗದ ಅಂಚು ಒಲೆಯ ಬೂದಿಯಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಅಂತ ಹೇಳುವುದೋ ಬೇಡವೋ ಎಂದು ಮ್ಯಾಲಿ ಆಗಿನಿಂದ ಯೋಚಿಸುತ್ತಿದ್ದಳು. ಈಗ ಈ ಮಾತು ಕೇಳಿದ ಮೇಲೆ ಲಂಗದ ವಿಚಾರ ತಲೆಯಿಂದ ಹೋಯಿತು.

"ಅಮ್ಮಾವ್ರೆ, ನಿಮ್ಮೆದೆ ಕಟ್ಟಿ ಆರು ವಾರ ಆಯ್ತು. ಹಾಲೆಲ್ಲೈತೆ?"

"ಇಲ್ಲ. ಇಲ್ಲ ಅಂತ ಗೊತ್ತು. ಬರೀ ಬಾಯಿ ಇಟ್ಟರೆ ಸಾಕು."

ಒಲೆಯ ಆ ಕಡೆ ಕಾಲುಚೀಲ ಹೆಣೆಯುತ್ತ ಕೂತಿದ್ದ ಅತ್ತೆ ಜೆನ್ನೆಟ್ ತಲೆ ಎತ್ತಲಿಲ್ಲ. "ಕೊಡಮ್ಮಾ. ಅವ್ರದೇ ಮಗು. ನಮ್ಮಪ್ಪನ ಮನೆ ಗಂಟು ಏನ್ ಹೋಗ್ತದೆ?" ಎಂದಳು.

ಮ್ಯಾಲಿ ಕೊಟ್ಟಳು. ಪುಟ್ಟ ಹೆಸ್ಟರ್ ಬಾಯಿ ಹಾಕಿ ಎರಡು ಸಲ ಎಳೆಯಿತು, ಏನೂ ಬಾರದ್ದಕ್ಕೆ ಮುಖ ಕೆಂಪಗೆ ಮಾಡಿಕೊಂಡು ಅರಚಿತು. ದೊರೆಸಾನಿಯ ಕಣ್ಣಲ್ಲಿ ನೀರು ಬಂತು, ಆದರೆ ಮಗುವನ್ನು ವಾಪಸು ಕೊಡಲಿಲ್ಲ.

ದೊಡ್ಡಮನೆಯ ಕಟ್ಟಳೆ ಹೀಗಿತ್ತು. ದಾದಿಯಾದವಳ ಎದೆಹಾಲು ಬಾಡಿಗೆಗೆ ಹೋದ ಮೇಲೆ ಅದರಲ್ಲಿ ಅವಳ ಸ್ವಂತ ಮಗುವಿಗೆ ಪಾಲಿಲ್ಲ. ಮ್ಯಾಲಿಗೂ ಒಂದು ಹೆಣ್ಣು ಕೂಸಿತ್ತು, ನ್ಯಾನ್ ಅಂತ. ಹೆಸ್ಟರ್ ಬಂದ ದಿನವೇ ನ್ಯಾನ್‌ಳನ್ನು ಎದೆ ಬಿಡಿಸಿ ಚಮಚಕ್ಕೆ ಹಾಕಿದರು. ಓಟ್ಸ್ ಹಿಟ್ಟಿನ ಗಂಜಿ, ಮೇಕೆ ಹಾಲು. ಮಗು ಕುಡಿದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ತೋಳು ಸಣ್ಣಗಾಗಿ ಚರ್ಮ ಜೋತುಬಿತ್ತು. ಮ್ಯಾಲಿ ಹೆಸ್ಟರ್‌ಗೆ ಹಾಲು ಕೊಡುವಾಗ ನ್ಯಾನ್ ನೆಲದ ಮೇಲೆ ಕೂತು ಸುಮ್ಮನೆ ನೋಡುತ್ತಿತ್ತು. ಅತ್ತಿದ್ದರೆ ಮ್ಯಾಲಿಗೆ ಸಮಾಧಾನವಾಗುತ್ತಿತ್ತೇನೋ. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ.

ಹಾಗಂತ ಮ್ಯಾಲಿ ಬೇಡ ಅನ್ನುವ ಹಾಗಿತ್ತೇ? ದೊಡ್ಡಮನೆಯಿಂದ ಕರೆ ಬಂದಾಗ ಬೇಡ ಅಂದವರು ಆ ಕಣಿವೆಯಲ್ಲಿ ಯಾರೂ ಇರಲಿಲ್ಲ. ಜೆನ್ನೆಟ್ ಮಾತ್ರ ನಾಲಿಗೆ ಬಿಗಿಹಿಡಿದವಳಲ್ಲ. "ನಿನ್ನೆದೆ ಈಗ ದೊರೆಗಳ ಸೀಸದ ಗಣಿ ಇದ್ದಂಗೆ ಕಣೇ. ನಾವು ಅದ್ರ ಮ್ಯಾಲೇ ಮನೆ ಕಟ್ಕೊಂಡಿದ್ರೂ ಒಳಗೆ ಕೈ ಹಾಕಂಗಿಲ್ಲ," ಎನ್ನುತ್ತಿದ್ದಳು. ಕಿಟ್ ನಗುತ್ತಿರಲಿಲ್ಲ.

ದೊರೆಸಾನಿ ಮಾರನೆಯ ದಿನ ಮತ್ತೆ ಬಂದಳು. ಅದರ ಮಾರನೆಯ ದಿನವೂ ಬಂದಳು. ಬರುವುದಕ್ಕೆ ಅವಳು ಹಿಡಿದ ದಾರಿ ಯಾರೂ ಎದುರು ಮಾತಾಡುವಂಥದ್ದಲ್ಲ. ಮ್ಯಾಲಿಯ ಮನೆ ಇದ್ದದ್ದು ಚರ್ಚಿನ ಸಮಾಧಿತೋಟದ ಹಿಂದೆ. ನಡುವೆ ಒಂದು ಸಣ್ಣ ಗೇಟು. ಚರ್ಚಿನ ನೆಲಮಾಳಿಗೆಯಲ್ಲಿ ಕೆಲ್ಡೇಲ್ ವಂಶದವರ ಗೋರಿ ಕೋಣೆ, ಅದರಲ್ಲಿ ಅವಳ ಮೂರು ಮಕ್ಕಳು. ಆ ಮಕ್ಕಳನ್ನು ಮಣ್ಣು ಮಾಡುವಾಗ ಅವಳು ಹೋದವಳಲ್ಲ, ಆ ದರ್ಜೆಯ ಹೆಂಗಸರು ಶವದ ಹಿಂದೆ ಹೋಗುವ ಪದ್ಧತಿಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಿರಬೇಕು. ಈಗ ಅವಳು ದಿನಾ ಮಧ್ಯಾಹ್ನ ಪ್ರಾರ್ಥನೆ ಪುಸ್ತಕ ಹಿಡಿದು, ಮಕ್ಕಳ ಆತ್ಮಕ್ಕೆ ಪ್ರಾರ್ಥನೆ ಮಾಡಿ ಬರುತ್ತೇನೆ ಅಂತ ಒಬ್ಬಳೇ ಹೊರಟರೆ ಬೇಡ ಅನ್ನುವವರು ಯಾರು? ಅವಳ ಅತ್ತೆ, ಊರವರು ದೊಡ್ಡ ದೊರೆಸಾನಿ ಅನ್ನುತ್ತಿದ್ದವರು, ಬಂದವರೆದುರಿಗೆಲ್ಲ ಸೊಸೆಯ ಭಕ್ತಿಯನ್ನು ಹೊಗಳುತ್ತಿದ್ದರಂತೆ. ಸೊಸೆ ಚರ್ಚಿನ ಮುಂದಿನ ಬಾಗಿಲಿಂದ ಒಳಗೆ ಹೋಗಿ, ಪಕ್ಕದ ಬಾಗಿಲಿಂದ ಹೊರಗೆ ಬಂದು, ಸಮಾಧಿಗಳ ನಡುವೆ ಲಂಗ ಎತ್ತಿಕೊಂಡು ಓಡುತ್ತಿದ್ದಳು.

"ಅಳಬ್ಯಾಡಿ ಅಮ್ಮಾವ್ರೆ. ಅತ್ರೆ ಬರಲ್ಲ," ಎಂದು ಮ್ಯಾಲಿ ಬೆನ್ನಿನ ಮೇಲೆ ಬಿಸಿಬಟ್ಟೆ ಹಾಕುತ್ತಿದ್ದಳು. ದೊರೆಸಾನಿಯ ಬೆನ್ನು ತಾಗದ ಹಾಗೆ ಮೊದಮೊದಲು ಬಟ್ಟೆಯ ಅಂಚನ್ನಷ್ಟೇ ಹಿಡಿಯುತ್ತಿದ್ದಳು. ಆಮೇಲಾಮೇಲೆ ಅದೂ ಒಂದು ಬೆನ್ನು ಅಂತಾಯಿತು. ಏಲ್ ಎಂಬ ಬಾರ್ಲಿಯ ಮದ್ಯ ಬಿಸಿ ಮಾಡಿ ಕುಡಿಸಿದಳು, ಗಂಜಿ ಕುಡಿಸಿದಳು. ಜೆನ್ನೆಟ್ ಪಕ್ಕದಲ್ಲಿ ಕೂತು, "ಹಂಗೆ ಹಿಡ್ಕೊಬ್ಯಾಡಿ ತಾಯಿ, ಅದೇನು ಬೀಸಣಿಗೆನಾ? ತಲೆ ಕೆಳಗೆ ಕೈ ಕೊಡಿ. ಹೂಂ, ಹಂಗೆ. ಮೂರ್ ಹೊತ್ತೂ ವಾದ್ಯ ಬಾರಿಸೋದು ಕಲಿಸ್ತಾರಂತೆ, ಇದನ್ನ ಕಲಿಸಾಕೆ ಏನಾಗಿತ್ತು ದಾಡಿ?" ಎಂದು ಬೈಯುತ್ತಿದ್ದಳು. ದೊರೆಸಾನಿಗೆ ಹಾಗೆ ಬೈಸಿಕೊಳ್ಳುವುದು ಹಿತವಾಗಿತ್ತು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಗಟ್ಟಿಯಾಗಿ ಬೈದಿರಲಿಲ್ಲ. ಅವಳ ಮನೆಯವರೆಲ್ಲ ಮೆಲ್ಲಗೆ ಮಾತಾಡಿಯೇ ಮಾಡಬೇಕಾದ್ದನ್ನೆಲ್ಲ ಮಾಡುವವರು.

ಕುರಿಯ ತುಪ್ಪಟ ಕತ್ತರಿಸುವ ಕಾಲ. ಒಂದು ಮಧ್ಯಾಹ್ನ ಹೆಸ್ಟರ್ ಎಂದಿನಂತೆ ಬಾಯಿ ಹಾಕಿತು. ಅರಚಲಿಲ್ಲ. ಗುಟುಕರಿಸುವ ಸದ್ದು ಬಂತು. ದೊರೆಸಾನಿ ಮ್ಯಾಲಿಯ ಮುಖ ನೋಡಿದಳು.

"ಮ್ಯಾಲಿ?"

"ಬಂತು ಅಮ್ಮಾವ್ರೆ. ಬಂದೈತೆ. ಅಲ್ಲಾಡಬ್ಯಾಡಿ."

ದೊರೆಸಾನಿ ನಗುವುದನ್ನು ಅವರು ಅವತ್ತೇ ಮೊದಲು ಕೇಳಿದ್ದು. ಕೆಳಗಿನ ಹಲ್ಲೊಂದು ಸೊಟ್ಟಗಿತ್ತು, ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡೇ ನಗುವವಳು ಅಂತ ಜೆನ್ನೆಟ್ ಆಮೇಲೆ ಹೇಳಿದಳು.

ಆಮೇಲಿನದು ತಾನಾಗಿ ನಡೆಯಿತು. ಹೆಸ್ಟರ್ ಹಗಲೆಲ್ಲ ತಾಯಿಗಾಗಿ ಕಾದು, ತಾಯಿಯ ಹತ್ತಿರವೇ ಹೊಟ್ಟೆ ತುಂಬಾ ಕುಡಿಯತೊಡಗಿತು. ದೊರೆಸಾನಿ ಬೆಳಿಗ್ಗೆಯೂ ಪ್ರಾರ್ಥನೆಗೆ ಬಂದಳು, ಸಂಜೆಯೂ ಬಂದಳು. ನಡುವೆ ಮಗು ಅತ್ತರೆ ಮ್ಯಾಲಿ ತನ್ನದನ್ನು ಕೊಡುತ್ತಿದ್ದಳು. ಅದು ಬರಬರುತ್ತ ಕಡಮೆ ಕುಡಿದು, ಮುಖ ತಿರುಗಿಸಿ, ಬಾಗಿಲ ಕಡೆ ನೋಡುತ್ತಿತ್ತು. ಮ್ಯಾಲಿಯ ಎದೆ ತುಂಬಿ ನೋಯುತ್ತಿತ್ತು. ಅವಳು ನ್ಯಾನ್‌ಳನ್ನು ಎತ್ತಿಕೊಂಡಳು. ಕೇಳಬೇಕಾದ್ದು ದೊರೆಸಾನಿಯನ್ನು ಅಂತ ಅನ್ನಿಸಿ, ಒಂದು ದಿನ ತಲೆ ತಗ್ಗಿಸಿಕೊಂಡು ಕೇಳಿದಳು.

"ನಿನ್ನ ಮಗುವಿಗೆ ನೀನು ಕೊಡೋದಕ್ಕೆ ನನ್ನ ಕೇಳ್ತೀಯಲ್ಲ ಮ್ಯಾಲಿ," ಎಂದಳು ದೊರೆಸಾನಿ. ಹೆಸ್ಟರ್‌ಳನ್ನು ಇನ್ನೊಂದು ಎದೆಗೆ ಬದಲಾಯಿಸಿಕೊಂಡು, "ನಾನೂ ನಿನ್ನನ್ನೇ ಕೇಳಿದ್ದೆ, ಅಲ್ವಾ?" ಎಂದಳು.

ಆ ಬೇಸಿಗೆ ಇಬ್ಬರೂ ಎದುರು ಬದುರು ಕೂತು ತಂತಮ್ಮ ಮಕ್ಕಳಿಗೆ ಹಾಲು ಕೊಟ್ಟರು. ಮಾತು ಬೇಕಾದರೆ ಆಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. ದೊರೆಗೆ ಗಂಡು ಬೇಕು, ಗಂಡಿಲ್ಲದಿದ್ದರೆ ಆಸ್ತಿಯೆಲ್ಲ ದಕ್ಷಿಣದಲ್ಲಿರುವ ದಾಯಾದಿಗೆ ಹೋಗುತ್ತದೆ ಅಂತ ದೊರೆಸಾನಿ ಹೇಳಿದ್ದು ಹೀಗೆ ಕೂತಾಗಲೇ. ಆ ದಾಯಾದಿ ಹೋದ ವರ್ಷ ನೆಂಟನ ಹಾಗೆ ಬಂದು, ಊಟದ ಮನೆಯ ಕಿಟಕಿಗಳ ಅಳತೆ ತೆಗೆದುಕೊಂಡು ಹೋಗಿದ್ದನಂತೆ, ಪರದೆ ಹೊಲಿಸುವುದಕ್ಕೆ. "ಹಾಲು ಕೊಡ್ತಿರೋ ಹೆಂಗಸು ಬಸುರಾಗೋದು ನಿಧಾನ ಅಂತಾರೆ. ಅದಕ್ಕೇ ನಮ್ಮೆದೆ ಕಟ್ಟೋದು. ಬೇಗ ಇನ್ನೊಂದು ಆಗಲಿ ಅಂತ. ದೊರೆಗಳು ತಿಂಗಳಾದ್ರೆ ವೈದ್ಯನ್ನ ಕೇಳ್ತಾರೆ. ವೈದ್ಯ ನನ್ನ ಕೇಳ್ತಾನೆ," ಎಂದಳು.

ಜೆನ್ನೆಟ್ ಸೂಜಿ ನಿಲ್ಲಿಸಿದಳು. "ಗೊತ್ತಾದ್ರೆ?"

"ಗೊತ್ತಾದ್ರೆ ಇವಳನ್ನ ಕಿತ್ಕೋತಾರೆ."

"ಹಂಗಾದ್ರೆ ನಿಲ್ಸಿ ತಾಯಿ. ಇಲ್ಲಿವರ್ಗೂ ಕುಡೀತಲ್ಲ, ಸಾಕು."

ದೊರೆಸಾನಿ ಹೆಸ್ಟರ್‌ಳ ಹಣೆಯ ಮೇಲಿನ ಬೆವರು ಒರೆಸಿದಳು. "ಇವಳ ಕಣ್ಣು ಬೂದು ಬಣ್ಣ," ಎಂದಳು. ಆ ಮಾತು ಅಲ್ಲಿಗೇ ನಿಂತಿತು.

ಬೇಸಿಗೆ ಕಳೆದು ಗುಡ್ಡದ ಪೊದೆಗಳು ಕಂದಿದವು. ಎಳೆಗೂಸಿನ ಉದ್ದ ಬಟ್ಟೆ ತೆಗೆದು, ಕಾಲು ಕಾಣುವ ಗಿಡ್ಡ ಅಂಗಿ ಹಾಕುವ ಶಾಸ್ತ್ರ ಒಂದಿದೆ ಅವರಲ್ಲಿ. ಅದಕ್ಕಾಗಿ ಒಂದು ದಿನ ಹೇಳದೆ ಕೇಳದೆ ದೊಡ್ಡ ದೊರೆಸಾನಿಯ ಗಾಡಿ ಮ್ಯಾಲಿಯ ಅಂಗಳಕ್ಕೆ ಬಂದು ನಿಂತಿತು. ಜೊತೆಗೆ ಪೇಟೆಯ ವೈದ್ಯ. ಹಿಂದೆ ಕುದುರೆಯ ಮೇಲೆ ದೊರೆ. ಅವನು ಬೇಟೆಗೆ ಹೊರಟವನು, ದಾರಿಯಲ್ಲಿ ಮಗಳನ್ನು ನೋಡಿಕೊಂಡು ಹೋಗೋಣ ಅಂತ ಬಂದಿದ್ದ. ಬಾಗಿಲು ತಗ್ಗು, ಅವನು ಎತ್ತರ. ಒಳಗೆ ಬಂದವನು ಬಾಗಿಲ ಪಕ್ಕವೇ ನಿಂತ.

ದೊಡ್ಡ ದೊರೆಸಾನಿ ಹೆಸ್ಟರ್‌ಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಗು ದುಂಡಗಿತ್ತು. ಮೆಚ್ಚಿಕೊಂಡರು. ಆಮೇಲೆ ಅವರ ಕಣ್ಣು ನೆಲದ ಮೇಲಿದ್ದ ನ್ಯಾನ್ ಮೇಲೆ ಬಿತ್ತು. ಅದೂ ದುಂಡಗಿತ್ತು.

"ಇದು ಯಾರದು?"

"ನಂದೇ, ದೊಡ್ಡಮ್ಮಾವ್ರೆ."

"ಚಮಚದಲ್ಲಿ ಬೆಳೀತಿರೋ ಮಗುವಾ ಇದು?"

ಮ್ಯಾಲಿ ಬಾಯಿ ತೆರೆಯುವಷ್ಟರಲ್ಲಿ ವೈದ್ಯ, "ಹಾಲು ನೋಡೋಣ," ಎಂದ. ಮ್ಯಾಲಿ ಗೋಡೆ ಕಡೆ ತಿರುಗಿ ಅವನ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಹಿಂಡಿದಳು. ಅವನು ಬೆಳಕಿಗೆ ಹಿಡಿದು ಓರೆ ಮಾಡಿದ. ಹನಿ ಹರಿದು ಹೋಗಲಿಲ್ಲ. ಒಳ್ಳೆ ಹಾಲು, ಗಟ್ಟಿಯಾಗಿದೆ ಎಂದು ತಲೆದೂಗಿದ. ಅಷ್ಟರಲ್ಲಿ ತಾಯಿಯ ಕುಪ್ಪಸ ಬಿಚ್ಚಿದ್ದು ನೋಡಿದ ನ್ಯಾನ್ ಅಂಬೆಗಾಲಿಟ್ಟುಕೊಂಡು ಬಂದು, ಲಂಗ ಹಿಡಿದು ಎದ್ದು ನಿಂತು, ತನ್ನದೇ ಎಂಬಂತೆ ಎದೆಗೆ ಕೈ ಹಾಕಿತು.

ದೊಡ್ಡ ದೊರೆಸಾನಿ ಹೆಸ್ಟರ್‌ಳನ್ನು ಮ್ಯಾಲಿಯ ಕಡೆಗೆ ಚಾಚಿದರು.

"ಹೆಸ್ಟರ್‌ಗೆ ಕೊಡು," ಎಂದರು ದೊಡ್ಡ ದೊರೆಸಾನಿ. "ನಾನು ನೋಡ್ತೀನಿ."

ಮ್ಯಾಲಿ ಕೊಟ್ಟಳು. ಹೆಸ್ಟರ್ ಒಂದು ಸಲ ಮೂಸಿ, ಮುಖ ತಿರುಗಿಸಿತು. ಮತ್ತೆ ಹಿಡಿದರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿಕೊಂಡು ಅತ್ತಿತು. ಊಟದ ಹೊತ್ತು ಮೀರಿತ್ತು. ಅವಳಿಗೆ ಬೇಕಾದದ್ದು ಈ ಎದೆಯಲ್ಲ.

"ದಾದಿ ಎದೇನೇ ಗುರುತಿಲ್ಲ ಮಗೂಗೆ!" ದೊಡ್ಡ ದೊರೆಸಾನಿಯ ದನಿ ಇನ್ನೂ ಮೆಲ್ಲಗಾಯಿತು. "ನನ್ನ ಮೊಮ್ಮಗಳ ಹಾಲನ್ನ ತನ್ನ ಮರಿಗೆ ಕುಡಿಸಿದಾಳೆ. ನಮ್ಮದಕ್ಕೆ ಏನು ಕೊಟ್ಟಿದಾಳೋ ದೇವರೇ ಬಲ್ಲ."

"ಆದರೆ ಮಗು ಪುಷ್ಟಿಯಾಗಿದೆಯಲ್ಲ," ಎಂದ ವೈದ್ಯ.

"ಅಫೀಮಿನ ಪಾಕ ಕೊಟ್ಟು ಮಲಗಿಸ್ತಾರೆ ಇವರು. ಮಲಗಿ ಮಲಗಿ ಊದಿಕೊಂಡಿರತ್ತೆ. ಅಲ್ವೇ ವೈದ್ಯರೇ? ನೀವೇ ಹೇಳಿದ್ದಿರಲ್ಲ, ಇಂಥದ್ದು ಆಗತ್ತೆ ಅಂತ."

ವೈದ್ಯ, ಆಗುವುದುಂಟು ಎಂದ.

"ಅಯ್ಯೋ ನನ್ನವ್ವ, ಅಫೀಮಂತೆ!" ಜೆನ್ನೆಟ್ ಎದ್ದು ನಿಂತಳು. "ಆ ಕೂಸು ಒದ್ದು ಒದ್ದು ತೊಟ್ಟಿಲು ಮುರಿದೈತೆ, ನೋಡ್ರಿ ಅಲ್ಲಿ! ಅಫೀಮು ಕುಡಿದದ್ದು ಒದೀತದಾ?"

"ಅಜ್ಜಿ, ಸುಮ್ಮನಿರು," ಎಂದ ದೊರೆ. ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ದೊರೆಮಗುವಿಗೆ ಮದ್ದು ಹಾಕೋದು ಅಂದ್ರೆ ಯಾರ್ಕ್ ಸೆರೆಮನೆ. ಅದಕ್ಕಿಂತ ಹೆಚ್ಚೂ ಆಗಬಹುದು. ಹೇಳು ಮ್ಯಾಲಿ, ಏನು ಮಾಡಿದೆ? ನಿಜ ಹೇಳಿದ್ರೆ ನಾನು ನೋಡ್ಕೋತೀನಿ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಮ್ಯಾಲಿಗೆ ಹೆದರಿಕೆಯಾದದ್ದು. ಆಗ ಅವಳಿಗೆ ಹಿಂದಿನ ಗೇಟಿನ ಅಗುಳಿ ತೆಗೆದ ಸದ್ದು ಕೇಳಿಸಿತು. ಕಲ್ಲಿನ ಮೇಲೆ ಹೆಜ್ಜೆ. ಹೆಜ್ಜೆ ಬಾಗಿಲ ಹತ್ತಿರ ಬಂದು ನಿಂತಿತು. ಒಳಗಿನ ಮಾತು ಕೇಳಿಸಿರಬೇಕು. ಮ್ಯಾಲಿ ಕಣ್ಣು ನೆಲಕ್ಕೆ ಹಾಕಿ ನಿಂತಳು. ಒಂದು ಮಾತು ಹೇಳಿದರೆ ತಾನು ಬದುಕಿಕೊಳ್ಳುತ್ತೇನೆ, ಹೆಸ್ಟರ್ ಹೋಗುತ್ತದೆ. ಹೇಳದಿದ್ದರೆ ಯಾರ್ಕ್. ಹೊರಗೆ ನಿಂತ ದೊರೆಸಾನಿ ಹಿಂದಕ್ಕೆ ಹೋಗಿಬಿಡಬಹುದು, ಮಗುವಿಗೆ ಬೇರೆ ದಾದಿ ಸಿಕ್ಕಿಯೇ ಸಿಗುತ್ತಾಳೆ, ಹತ್ತಿರದಲ್ಲೇ ಸಿಕ್ಕರೆ ಅಲ್ಲಿಗೂ ಕದ್ದು ಹೋಗಬಹುದು. ಹೋಗು ಅಂತಲೋ ಬಾ ಅಂತಲೋ ತಾನು ಏನು ಬೇಡಿಕೊಂಡೆ ಎನ್ನುವುದು ಮ್ಯಾಲಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬಾಗಿಲು ತೆರೆಯಿತು. ದೊರೆಸಾನಿ ಒಳಗೆ ಬಂದು ಪ್ರಾರ್ಥನೆ ಪುಸ್ತಕವನ್ನು ಹಿಟ್ಟಿನ ಪೆಟ್ಟಿಗೆಯ ಮೇಲಿಟ್ಟಳು. ಹೆಸ್ಟರ್ ಅಳು ನಿಲ್ಲಿಸಿ ಎರಡೂ ಕೈ ಚಾಚಿತು. ದೊರೆಸಾನಿ ಯಾರ ಮುಖವನ್ನೂ ನೋಡದೆ ಮಗುವನ್ನು ತೆಗೆದುಕೊಂಡು ಮುಕ್ಕಾಲಿಯ ಮೇಲೆ ಕೂತಳು. ಮೇಲುವಸ್ತ್ರ ಸರಿಸಿದಳು. ಮಗು ಕುಡಿಯತೊಡಗಿತು.

ವೈದ್ಯ ಚಾವಣಿಯ ತೊಲೆಗೆ ಒಣಹಾಕಿದ್ದ ರೊಟ್ಟಿಗಳನ್ನು ನೋಡುತ್ತ ನಿಂತ. ಮಗು ಗುಟುಕರಿಸುವುದು ಎಲ್ಲರಿಗೂ ಕೇಳುತ್ತಿತ್ತು.

"ಹಸುವಿನ ಹಾಗೆ!" ಎಂದರು ದೊಡ್ಡ ದೊರೆಸಾನಿ.

"ಹೌದು ಅತ್ತೆ. ಹಸುವಿನ ಹಾಗೇ."

ದೊರೆ ಚಾಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಯಾವಾಗಿಂದ, ಥಿಯೊ?"

"ತುಪ್ಪಟ ಕತ್ತರಿಸೋ ಕಾಲದಿಂದ."

"ಅಂದ್ರೆ ಈ ಬೇಸಿಗೆಯೆಲ್ಲ ನಾನು ಕಾದದ್ದು ಸುಮ್ಮನೆ."

"ಇವಳು ಬದುಕಿದಾಳೆ, ನೋಡಿ. ಮೂರು ಹೋದ್ವು, ಇದು ಬದುಕಿದೆ. ಒಂದು ವರ್ಷ ಬಿಡಿ. ಆಮೇಲೆ ನೀವು ಹೇಳಿದ್ದಕ್ಕೆಲ್ಲ ಹೂಂ ಅಂತೀನಿ."

"ಹೆಣ್ಣು ಬದುಕಿ ಮನೆಗೇನು ಬಂತು, ಥಿಯೊ? ನಾನು ಮನೆ ನೋಡಬೇಕು." ಅವನು ಬಗ್ಗಿ ಬಾಗಿಲು ದಾಟಿ ಹೊರಗೆ ಹೋದ. ಕುದುರೆ ಹತ್ತಿದ ಸದ್ದಾಯಿತು. ಬೇಟೆ ತಪ್ಪಿಸಲಿಲ್ಲ ಅವನು.

ಮಗುವನ್ನು ಆ ವಾರವೇ ಗಾಡಿಯಲ್ಲಿ ಬಯಲಿನ ಆಚೆಗೆ, ದೊರೆಯ ಸೋದರತ್ತೆಯ ಊರಿಗೆ ಕಳಿಸಿದರು. ಅಲ್ಲಿ ಗಾಳಿ ಚೆನ್ನಾಗಿದೆಯಂತೆ, ದಾದಿಯೂ ಗಟ್ಟಿಮುಟ್ಟಂತೆ. ಮ್ಯಾಲಿಯನ್ನಾದರೂ ಜೊತೆಗೆ ಕಳಿಸಿ ಅಂತ ದೊರೆಸಾನಿ ಮಂಡಿಯೂರಿ ಕೇಳಿದಳು ಅಂತ ದೊಡ್ಡಮನೆಯ ಅಗಸಗಿತ್ತಿ ಹೇಳಿದಳು. ಕಳಿಸಲಿಲ್ಲ. ದೊರೆಸಾನಿಯ ಎದೆಗೆ ಮತ್ತೆ ಬಟ್ಟೆ ಬಿಗಿದರು. ಈ ಸಲ ಹಾಲು ಬತ್ತುವುದಕ್ಕೆ ಬಹಳ ದಿನ ಬೇಕಾಯಿತು. ಜ್ವರದಲ್ಲಿ ಕೂದಲು ಉದುರಿ, ಉಳಿದದ್ದನ್ನೂ ಕತ್ತರಿಸಿದರು. ಗಾಡಿ ಹೊರಟಾಗ ಮಗು ಅಳಲಿಲ್ಲವಂತೆ, ಕುದುರೆಗಳನ್ನು ನೋಡಿ ನಗುತ್ತಿತ್ತಂತೆ.

ಥ್ವೇಟ್ ಮನೆಯವರನ್ನು ದೊರೆ ಬೀದಿಪಾಲು ಮಾಡಲಿಲ್ಲ. ಅಂಥವನಲ್ಲ ಅವನು. ಕಿಟ್‌ನನ್ನು ಮಾತ್ರ ಗಣಿಯ ಕೆಳಗಿನ ಸುರಂಗಕ್ಕೆ, ಸೊಂಟದ ತನಕ ನೀರು ನಿಲ್ಲುವ ಕಡೆಗೆ ಹಾಕಿದರು. ಅವನು ಮನೆಗೆ ಬಂದರೆ ಕಾಲಿನ ಬೆರಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಕೆಮ್ಮು ಶುರುವಾಯಿತು.

"ನೀನು ಹೇಳಬೇಕಿತ್ತು ಅಂತ ನಾನಂತೂ ಅನ್ನಲ್ಲ," ಎಂದ ಒಂದು ದಿನ, ಕಾಲನ್ನು ಬೆಂಕಿಗೆ ಹಿಡಿದು.

"ಅನ್ನು ಮತ್ತೆ. ಅನ್ನಬೇಕು ಅಂತಿದ್ರೆ ಅಂದುಬಿಡು."

"ಇಲ್ಲ ಮಾರಾಯ್ತಿ. ಒಲೆಗೆ ಇನ್ನೊಂದು ಸೌದೆ ಹಾಕು."

ಹಿಮ ಕರಗುವ ಮುಂಚೆ ಸುದ್ದಿ ಬಂತು. ಹೆಸ್ಟರ್ ಅಲ್ಲಿನ ದಾದಿಯ ಎದೆಯನ್ನು ಮುಟ್ಟಲೇ ಇಲ್ಲ. ಚಮಚದಲ್ಲಿ ಬ್ರೆಡ್ಡು ನೆನೆಸಿದ ನೀರು ಕೊಟ್ಟರು, ಸಕ್ಕರೆ ಹಾಕಿ ಕೊಟ್ಟರು. ಚಳಿಗಾಲವನ್ನೆಲ್ಲ ಹೇಗೋ ತಳ್ಳಿತು. ಕೊನೆಗೆ ಹೊಟ್ಟೆನೋವು ಬಂದು ತೀರಿಕೊಂಡಿತು. ಸಣ್ಣ ಪೆಟ್ಟಿಗೆ, ಅದನ್ನು ಹೊರುವುದಕ್ಕೆ ನಾಲ್ಕು ಜನ ಬೇಕಾಗಲಿಲ್ಲ, ಒಬ್ಬ ಆಳು ಕಂಕುಳಲ್ಲಿ ಇಟ್ಟುಕೊಂಡು ಚರ್ಚಿನೊಳಗೆ ಹೋದ. ಮ್ಯಾಲಿ ನ್ಯಾನ್‌ಳನ್ನು ಎತ್ತಿಕೊಂಡು ಸಮಾಧಿತೋಟದ ಗೋಡೆಯ ಪಕ್ಕ ನಿಂತಿದ್ದಳು. ಗುಡ್ಡದ ಮೇಲೆ ದೊಡ್ಡಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ದೊರೆಸಾನಿ ಬರಲಿಲ್ಲ, ಬರುವ ಹಾಗಿರಲಿಲ್ಲ. ಆಮೇಲೂ ಅವಳು ಪ್ರಾರ್ಥನೆಗೆ ಅಂತ ಚರ್ಚಿಗೆ ಒಬ್ಬಳೇ ಬಂದದ್ದನ್ನು ಯಾರೂ ನೋಡಲಿಲ್ಲ.

ಮುಂದಿನ ವರ್ಷ ಕೊಯ್ಲಿನ ಹೊತ್ತಿಗೆ ಮ್ಯಾಲಿಗೆ ಗಂಡುಮಗು ಹುಟ್ಟಿತು. ರಾಲ್ಫ್ ಅಂತ ಹೆಸರಿಟ್ಟರು. ಅದೇ ಚಳಿಗಾಲದಲ್ಲಿ ದೊಡ್ಡಮನೆಯ ಗಂಟೆ ಬಾರಿಸಿತು. ಗುಡ್ಡದ ಮೇಲೆ ಬೆಂಕಿ ಎದ್ದಿತು. ಎತ್ತಿನ ಮಾಂಸದ ಪಾಲು ತರುವುದಕ್ಕೆ ಜೆನ್ನೆಟ್ ಹೋಗಲಿಲ್ಲ. "ಹೋದ ಸಲದ್ದೇ ಇನ್ನೂ ಅರಗಿಲ್ಲ," ಎಂದಳು.

ಮೂರನೆಯ ದಿನ ಮ್ಯಾಲಿಗೆ ಕರೆ ಬಂತು. ದೊರೆಸಾನಿ ಕೇಳಿದ್ದು ಒಂದೇ ಅಂತೆ, ದಾದಿ ಮ್ಯಾಲಿಯೇ ಆಗಬೇಕು ಅಂತ. ದೊಡ್ಡ ದೊರೆಸಾನಿ ಬೇಡವೇ ಬೇಡ ಅಂದರಂತೆ. ಮಗ ಹುಟ್ಟಿದ ಖುಷಿಯಲ್ಲಿ ದೊರೆ ಕೇಳಿದ್ದೆಲ್ಲ ಕೊಡುವ ಹಾಗಿದ್ದ. ಕಿಟ್‌ನನ್ನು ನೀರಿನ ಸುರಂಗದಿಂದ ಮೇಲಕ್ಕೆ ಹಾಕುತ್ತೇನೆ ಅಂತಲೂ ಹೇಳಿ ಕಳಿಸಿದ್ದ.

ಕೋಣೆ ಕತ್ತಲೆಯಾಗಿತ್ತು, ಬೆಂಕಿಯ ಶಾಖಕ್ಕೆ ಉಸಿರು ಕಟ್ಟುತ್ತಿತ್ತು. ದೊರೆಸಾನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂದಲು ಇನ್ನೂ ಕಿವಿಯ ತನಕವೇ ಬೆಳೆದಿತ್ತು. ಕೋಣೆಯ ಆಳು ಮಗುವಿನ ಬಟ್ಟೆ ತರಲು ಆಚೆ ಹೋದಳು.

"ಅಮ್ಮಾವ್ರೆ," ಎಂದಳು ಮ್ಯಾಲಿ. "ಎದೆ ಕಟ್ಟಿದಾರಾ?"

"ನಾನೇ ಕಟ್ಟಿಸ್ಕೊಂಡೆ. ಇನ್ನೂ ಬಿಗಿಯಾಗಿ ಕಟ್ಟಿ ಅಂದೆ."

"ಮೂರೇ ದಿನ ಆಗಿರೋದು. ಈಗ ಬಿಚ್ಚಿದ್ರೂ ಆಗ್ತದೆ. ನಮ್ಮತ್ತೆ ಯಾರಿಗೂ ಬಾಯಿ ಬಿಡಲ್ಲ. ಹ್ಯಾಗಾದ್ರೂ ದಾರಿ ಮಾಡೋಣ. ಈ ಸಲ ನೀವು ಬರ..."

"ಹೆಸ್ಟರ್ ಬೇರೆ ಯಾರ ಎದೇನೂ ಮುಟ್ಟಲಿಲ್ಲವಂತೆ."

ಮ್ಯಾಲಿ ತೊಟ್ಟಿಲ ಕಡೆ ನೋಡಿದಳು.

"ನನ್ನ ರುಚಿ ಹತ್ತಿಸದೇ ಇದ್ದಿದ್ರೆ ಕುಡೀತಿದ್ಲು. ನಿನ್ನ ಹತ್ರಾನೇ ಬೆಳೀತಿದ್ಲು, ಈಗ ಓಡಾಡ್ತಿದ್ಲು. ಹಾಲು ಕೊಟ್ಟೇ ನಾನು ಅವಳನ್ನ ಕೊಂದದ್ದು, ಮ್ಯಾಲಿ."

"ಅಲ್ಲ ಅಮ್ಮಾವ್ರೆ. ಕಿತ್ಕೊಂಡೋರು ಅವ್ರು."

"ಕಿತ್ಕೋತಾರೆ ಅಂತ ಗೊತ್ತಿತ್ತಲ್ಲ ನಂಗೆ. ನಿಮ್ಮತ್ತೆ ನಿಲ್ಲಿಸಿ ಅಂದ್ರು." ಅವಳು ತಿರುಗಲೇ ಇಲ್ಲ. "ಇವನನ್ನ ಕರ್ಕೊಂಡು ಹೋಗು. ನಂಗೆ ತೋರಿಸಬೇಡ. ಹಲ್ಲು ಬಂತು, ನಡೆದ ಅಂತ ಹೇಳಿ ಕಳಿಸಲೂಬೇಡ. ಇವನು ನಿನ್ನವನು ಅಂದ್ಕೊಂಡೇ ಬೆಳೀಲಿ. ಬದುಕ್ತಾನೆ."

ಮ್ಯಾಲಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು. ಭಾರವಾಗಿತ್ತು, ಹೆಸ್ಟರ್‌ಗಿಂತ ಭಾರ. ಹಾಸಿಗೆಯ ಹತ್ತಿರ ಒಂದು ಗಳಿಗೆ ನಿಂತಳು. ಮಗು ಒಂದು ಸಲ ಕುಯ್ಗುಟ್ಟಿತು. ಹೊದಿಕೆಯ ಕೆಳಗೆ ದೊರೆಸಾನಿಯ ಹೆಗಲು ಬಿಗಿಯಿತು. ಆದರೆ ಮುಖ ಈ ಕಡೆ ಬರಲಿಲ್ಲ. ಮ್ಯಾಲಿ ಹೊರಟಳು.

ಮನೆಗೆ ಬಂದಾಗ ಜೆನ್ನೆಟ್ ರಾಲ್ಫ್‌ನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಸೊಸೆಯ ಕೈಯಲ್ಲಿದ್ದ ಕಸೂತಿಯ ಶಾಲನ್ನು ನೋಡಿದಳು, ಅದರೊಳಗಿನ ಮುಖವನ್ನು ನೋಡಿದಳು.

"ಆಯಮ್ಮ ಬರ್ತಾರಂತಾ?"

"ಇಲ್ಲ ಅತ್ತೆ. ಬರಲ್ಲ."

ಜೆನ್ನೆಟ್ ಬಾಯಿಂದ ಈ ಸಲ ಗಣಿಯ ಮಾತು ಬರಲಿಲ್ಲ. ಎದ್ದು ಮೇಕೆ ಕರೆಯುವುದಕ್ಕೆ ಹೊರಗೆ ಹೋದಳು. ಮ್ಯಾಲಿ ಒಂದು ತೋಳಲ್ಲಿ ದೊರೆಯ ಮಗನನ್ನು ಎದೆಗೆ ಹಾಕಿಕೊಂಡಳು. ಅವನು ಜೋರಾಗಿ ಕುಡಿದ. ರಾಲ್ಫ್ ಬುಟ್ಟಿಯಲ್ಲಿ ಮಲಗಿ ಮುಷ್ಟಿ ಚೀಪುತ್ತಿದ್ದ. ಅವಳು ಇನ್ನೊಂದು ಕೈಯಿಂದ ಸಣ್ಣ ಪಾತ್ರೆಯನ್ನು ಒಲೆಯ ಕೊಕ್ಕೆಗೆ ಸಿಕ್ಕಿಸಿ, ನೀರು ಹಾಕಿ, ಕಾದ ಮೇಲೆ ಓಟ್ಸ್ ಹಿಟ್ಟನ್ನು ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಉದುರಿಸಿದಳು. ಮರದ ಕೋಲು ತೆಗೆದುಕೊಂಡು, ಗಂಟು ಕಟ್ಟದ ಹಾಗೆ, ಗಂಜಿಯನ್ನು ನಿಧಾನವಾಗಿ ತಿರುವುತ್ತ ಕೂತಳು.